ಅಮರ್ಜಾ–ಭೀಮೆಯರ ದಡದ ಗ್ರಂಥಗಳು

ಅಧ್ಯಾಪಕರಿಬ್ಬರು ಕಲೆತಲ್ಲಿ ವೇತನ, ವರ್ಗಾವಣೆ, ಮಳೆ-ಬೆಳೆ, ತೊಗರಿಯ ಧಾರಣೆ ಇವುಗಳ ಮಾತು ಮುಗಿದ ಮೇಲೆ, ಪುಣ್ಯವಿದ್ದರೆ, “ಈಚೆಗೆ ಏನು ಓದಿದಿರಿ?” ಎಂಬ ಪ್ರಶ್ನೆ ಹುಟ್ಟುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಈ ಪ್ರಶ್ನೆಗೆ ಬರುವ ಉತ್ತರ ಬಹುಮಟ್ಟಿಗೆ ಧಾರವಾಡ, ಮೈಸೂರು, ಬೆಂಗಳೂರುಗಳಿಂದ ಬಂದ ಗ್ರಂಥವೊಂದರ ಹೆಸರೇ ಆಗಿರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತಾನು ನಿಂತ ನೆಲದಲ್ಲಿಯೇ ಹುಟ್ಟಿದ ಗ್ರಂಥವನ್ನು ಓದಿ, ಅದು ಹೀಗಿದೆ, ಇಂತಹವರು ಇದನ್ನು ಓದಬೇಕು ಎಂದು ಎದೆ ತಟ್ಟಿ ಹೇಳುವವರು ವಿರಳ. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದು, ಪಾಠಶಾಲೆಗಳಲ್ಲಿ ಉರ್ದುವಿನ ಪ್ರಾಬಲ್ಯವನ್ನು ಕಂಡ ಈ ಭಾಗದಲ್ಲಿ ಕನ್ನಡವು ಮಠ, ಪುರಾಣ, ಭಜನೆಗಳ ಆಸರೆಯಲ್ಲಿ ಕಿವಿಯ ಮೂಲಕ ಉಳಿಯಿತು. ಕಿವಿಯಿಂದ ಕಣ್ಣಿಗೆ ಅದು ಇನ್ನೂ ಪೂರ್ತಿಯಾಗಿ ದಾಟಿಲ್ಲ.

ಜೇವರ್ಗಿಯ ಷಣ್ಮುಖ ಶಿವಯೋಗಿಗಳಿಂದ ಆರಂಭಿಸುವುದು ಉಚಿತ. 1639ರಿಂದ 1711ರವರೆಗೆ ಬಾಳಿದ ಇವರು ‘ಅಖಂಡೇಶ್ವರ’ ಎಂಬ ಅಂಕಿತದಲ್ಲಿ ಏಳುನೂರಕ್ಕೂ ಮಿಕ್ಕಿ ವಚನಗಳನ್ನು ರಚಿಸಿದರು. ವಚನವೆಂದರೆ ಹನ್ನೆರಡನೆಯ ಶತಮಾನದ ಕಲ್ಯಾಣ, ಅಲ್ಲಿಗೆ ಮುಗಿಯಿತು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬಲವಾಗಿದೆ. ಕಲ್ಯಾಣದ ಐದು ಶತಮಾನಗಳ ಅನಂತರವೂ ಭೀಮಾತೀರದಲ್ಲಿ ಆ ಗದ್ಯ ಉಸಿರಾಡುತ್ತಿತ್ತೆಂಬುದಕ್ಕೆ ಈ ವಚನಗಳೇ ಸಾಕ್ಷಿ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದಂದಿನಿಂದ ಮೊದಲ್ಗೊಂಡು ರಾಜ್ಯ ಸರಕಾರದ ಹದಿನೈದು ಸಮಗ್ರ ವಚನ ಸಂಪುಟಗಳವರೆಗೆ ವಚನಗಳು ಸುಲಭವಾಗಿ ದೊರೆಯುವಂತಾದುವು. ಷಣ್ಮುಖ ಶಿವಯೋಗಿಗಳ ಎಲ್ಲ ವಚನಗಳೂ ಎಳೆಯರಿಗೆ ರುಚಿಸುತ್ತವೆಂದು ಹೇಳಲಾಗದು. ಷಟ್‌ಸ್ಥಲದ ಪರಿಭಾಷೆ ದಟ್ಟವಾಗಿರುವೆಡೆ ದೊಡ್ಡವರಿಗೂ ಆಯಾಸವಾಗುತ್ತದೆ. ಉಪಮೆಗಳಿಂದ ನಡೆಯುವ ಚಿಕ್ಕ ವಚನಗಳನ್ನು ಆಯ್ದು ಓದಿಸುವ ಅಧ್ಯಾಪಕನಿಗೆ ಮಾತ್ರ ಅಲ್ಲಮನ ಬೆಡಗಿಗಿಂತ ಇವು ಒಳ್ಳೆಯ ಹೊಸ್ತಿಲಾದಾವು.

ಆಳಂದದ ವಿಷಯ ಇಷ್ಟು ಸುಲಭವಲ್ಲ. ಪ್ರಾಚೀನ ಶಾಸನಗಳ ‘ಆಳಂದೆ’ಯವನಾದ ಏಕಾಂತದ ರಾಮಯ್ಯನನ್ನು ಕುರಿತು ಹರಿಹರನ ರಗಳೆಯಿದೆ, ಅದಕ್ಕೂ ಮಿಗಿಲಾಗಿ, ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು 1200ರ ಶಾಸನವಿದೆ. ಫ್ಲೀಟ್ ಸಾಹೇಬರು ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಸಂಪಾದಿಸಿದರು. ರಾಮಯ್ಯನು ಜೈನರೊಡನೆ ಪಣ ತೊಟ್ಟು ತನ್ನ ಶಿರಸ್ಸನ್ನು ಶಿವನಿಗೆ ಅರ್ಪಿಸಿ, ಏಳು ದಿನಗಳ ಮೇಲೆ ಅದನ್ನು ಮರಳಿ ಪಡೆದನೆಂದೂ, ಆ ಬಳಿಕ ಜಿನಬಿಂಬವನ್ನು ಒಡೆದನೆಂದೂ, ದೂರು ಬಿಜ್ಜಳನವರೆಗೆ ಹೋಗಿ ಅವನಿಂದ ರಾಮಯ್ಯನಿಗೆ ಜಯಪತ್ರ ದೊರೆಯಿತೆಂದೂ ಶಾಸನ ಹೇಳುತ್ತದೆ. ಅಬ್ಬಲೂರಿನ ದೇವಾಲಯದ ಗೋಡೆಯ ಶಿಲ್ಪಗಳಲ್ಲಿಯೂ ಈ ಪ್ರಸಂಗವಿದೆ.

ಕಥೆಯನ್ನು ಪವಾಡವೆಂದು ಭಕ್ತಿಯಿಂದ ಕೇಳಿ ಏಳುವುದು ಪುರಾಣಮಂಟಪದ ರೀತಿ. ತರಗತಿಯಲ್ಲಿ ಅಷ್ಟು ಸಾಲದು. ಒಡೆಯಲ್ಪಟ್ಟುದು ಇನ್ನೊಂದು ಧರ್ಮದವರ ಆರಾಧ್ಯಬಿಂಬ. ಹುಡುಗನೊಬ್ಬ ಎದ್ದು ನಿಂತು, “ಅದು ಸರಿಯೇ?” ಎಂದು ಕೇಳಿದರೆ ಅಧ್ಯಾಪಕನು ಏನು ಹೇಳಬೇಕು? ಮಠದ ಶಾಲೆಯೆಂಬ ಕಾರಣಕ್ಕೆ ಆ ಪ್ರಶ್ನೆಯನ್ನು ಗದರಿಸಿ ಕೂರಿಸುವುದು ಶರಣರ ಹೆಸರಿಗೆ ಶೋಭೆಯಲ್ಲ. ಶಾಸನವು ಗೆದ್ದವರ ಕಡೆಯ ಬರಹವೆಂಬುದನ್ನೂ, ಕನ್ನಡಕ್ಕೆ ಪಂಪ, ರನ್ನರನ್ನು ಕೊಟ್ಟವರು ಸೋತವರೆನಿಸಿದ ಆ ಜೈನರೇ ಎಂಬುದನ್ನೂ ಹೇಳಿಯೇ ರಗಳೆಯನ್ನು ಓದಿಸಬೇಕು. ಹಾಗೆ ಓದಿಸಿದಾಗ ಹರಿಹರನ ಆವೇಶದ ಶೈಲಿ ಕುಂದುವುದಿಲ್ಲ, ಓದುವವನ ವಿವೇಕ ಮಾತ್ರ ಬೆಳೆಯುತ್ತದೆ. ಇನ್ನೊಂದು ಸ್ವಾರಸ್ಯವೂ ಇಲ್ಲಿ ಉಂಟು. ಬಸವಣ್ಣನವರನ್ನು ಹೆಸರಿಸುವ ಶಾಸನ ಆಗ ಕಾಣದಿದ್ದುದರಿಂದ ಫ್ಲೀಟರು ಆಳಂದೆಯ ಈ ರಾಮಯ್ಯನಿಗೇ ಶೈವ ಪುನರುತ್ಥಾನದ ಹಿರಿಮೆಯನ್ನು ಕೊಡಲು ಒಲಿದಿದ್ದರು. 1260ರ ಅರ್ಜುನವಾಡ ಶಾಸನ ಬೆಳಕಿಗೆ ಬಂದ ಮೇಲೆ ಆ ಊಹೆಯ ಬಲ ಕುಗ್ಗಿತು. ಒಂದು ಕಲ್ಲು ವಿದ್ವಾಂಸರ ಅಭಿಪ್ರಾಯವನ್ನು ಹೇಗೆ ತಿರುಗಿಸಬಲ್ಲುದೆಂಬುದಕ್ಕೆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ನಿದರ್ಶನ ದೊರೆಯದು.

ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಲ್ಲಿ ನೆಲಸಿದ ನೃಸಿಂಹ ಸರಸ್ವತಿಗಳ ಚರಿತ್ರೆಯಾದ ‘ಗುರುಚರಿತ್ರೆ’ ಮರಾಠಿಯಲ್ಲಿದೆ. ಅದನ್ನು ಬರೆದ ಸರಸ್ವತಿ ಗಂಗಾಧರನು ತನಗೆ ಮರಾಠಿ ಚೆನ್ನಾಗಿ ಬಾರದೆಂದು ತಾನೇ ಹೇಳಿಕೊಂಡವನು. ಆಳಂದ ತಾಲ್ಲೂಕಿನ ಕಡಗಂಚಿಯೊಡನೆ ಅವನ ಹೆಸರು ತಳಕು ಹಾಕಿಕೊಂಡಿದೆ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇಂದು ಅದೇ ಕಡಗಂಚಿಯಲ್ಲಿದೆ. ಪಾರಾಯಣದ ಗ್ರಂಥವೆಂದು ಬದಿಗಿರಿಸದೆ, ಎರಡು ಭಾಷೆಗಳ ಗಡಿಯಲ್ಲಿ ಜನ ಹೇಗೆ ಬದುಕಿದರೆಂದು ತಿಳಿಯುವುದಕ್ಕಾದರೂ ಇದನ್ನು ಒಮ್ಮೆ ನೋಡಬಹುದು.

ಈಚಿನ ಕಾಲದ ಗ್ರಂಥಗಳಲ್ಲಿ ಒಂದನ್ನೇ ಆರಿಸಬೇಕಾದರೆ ಅದು ಗೀತಾ ನಾಗಭೂಷಣರ ಕಾದಂಬರಿ ‘ಬದುಕು’. ಕಲಬುರಗಿಯ ಸಮೀಪದ ಸವಳಗಿಯಲ್ಲಿ 1942ರಲ್ಲಿ ಜನಿಸಿ, 2020ರಲ್ಲಿ ಕಣ್ಮರೆಯಾದ ಈ ಲೇಖಕಿಗೆ ‘ಬದುಕು’ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ತಂದಿತು. 2010ರ ಗದಗ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷೆ. ಕೆಳಸ್ತರದ ಹೆಣ್ಣುಮಕ್ಕಳ ಬಾಳು, ಅವರ ಜಗಳ, ಹಸಿವು, ನಗೆ ಎಲ್ಲವೂ ಇಲ್ಲಿ ಈ ಸೀಮೆಯ ಆಡುನುಡಿಯಲ್ಲಿಯೇ ಬಂದಿವೆ. ಗ್ರಂಥ ದೀರ್ಘವಾಯಿತು, ಕೆಲವು ಸಂಗತಿಗಳು ಮತ್ತೆ ಮತ್ತೆ ಬರುತ್ತವೆ ಎಂಬ ಆಕ್ಷೇಪಣೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಈ ಭಾಗದ ಅಧ್ಯಾಪಕನು ಓದಲೇಬೇಕಾದ ಕಾದಂಬರಿಯಿದು; ಕಾರಣ ಅವನ ಕೈಯಲ್ಲಿರುವ ಕೆಂಪು ಮಸಿಯ ಲೇಖನಿ. ಹಳ್ಳಿಯಿಂದ ಬಂದ ಬಾಲಕಿ ಪ್ರಬಂಧದಲ್ಲಿ ತಾಯಿಯ ನುಡಿಯನ್ನು ಬರೆದರೆ ಆ ಲೇಖನಿ ಅದನ್ನು ಅಶುದ್ಧವೆಂದು ಹೊಡೆದುಹಾಕುತ್ತದೆ. ಗ್ರಾಂಥಿಕ ಕನ್ನಡವನ್ನು ಕಲಿಸಲೇಬೇಕು, ಸಂದೇಹವಿಲ್ಲ. ಆದರೂ ಅದೇ ನುಡಿ ದೇಶದ ಅಕಾಡೆಮಿಯಿಂದ ಮನ್ನಣೆ ಪಡೆದಿದೆಯೆಂದು ಅರಿತ ಅಧ್ಯಾಪಕನು ಗೆರೆ ಎಳೆಯುವ ಮುನ್ನ ಒಂದು ಗಳಿಗೆ ತಡೆದಾನು.

ಕಡೆಯದಾಗಿ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳು. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿಗೆ ಸೇರಿದ್ದು ಈಗ ಯಡ್ರಾಮಿ ತಾಲ್ಲೂಕಿನಲ್ಲಿರುವ ಕಡಕೋಳದಲ್ಲಿ ನೆಲಸಿದ ಇವರು ಹತ್ತೊಂಬತ್ತನೆಯ ಶತಮಾನದ ಅನುಭಾವಿ. ಚೆನ್ನೂರಿನ ಜಲಾಲಸಾಹೇಬ, ಖೈನೂರಿನ ಕೃಷ್ಣಪ್ಪ ಮೊದಲಾದ ಶಿಷ್ಯರ ಹೆಸರುಗಳೇ ಆ ಪಂಥದ ಹರಹನ್ನು ಸಾರುತ್ತವೆ. ಈ ಪದಗಳು ಡಾಂಭಿಕರನ್ನು ಬಿಡುವುದಿಲ್ಲ. ವೇಷ ಯಾವುದೇ ಆಗಿರಲಿ, ಪೀಠ ಎಷ್ಟೇ ಎತ್ತರದ್ದಾಗಿರಲಿ, ದಯೆ ತೋರುವುದಿಲ್ಲ. ಮಠದ ಶಾಲೆಯ ಗ್ರಂಥಾಲಯದಲ್ಲಿ ಇಂತಹ ಪುಸ್ತಕ ಇರಬಹುದೇ ಎಂದು ಹಿಂಜರಿಯುವವರಿದ್ದಾರೆ. ಇರಬೇಕು, ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಇರಬೇಕು. ದಾನಿಗಳು ಪ್ರೀತಿಯಿಂದ ಕೊಡಿಸಿದ ಗಾಜಿನ ಕಪಾಟುಗಳು ಅನೇಕ ಶಾಲೆಗಳಲ್ಲಿ ಬೀಗ ಹಾಕಿಕೊಂಡೇ ಹೊಳೆಯುತ್ತಿರುತ್ತವೆ. ಮುಂದಿನ ದಾನಿಯು ಕಪಾಟಿನ ಬದಲು ಬೀಗದ ಕೈ ಹಿಡಿದು ಕೂರುವ ಗ್ರಂಥಪಾಲಕನೊಬ್ಬನ ವೇತನವನ್ನು ವಹಿಸಿಕೊಂಡರೆ ಹೆಚ್ಚು ಉಪಕಾರ.

ಮಡಿವಾಳಪ್ಪನವರ ಪದಗಳು ಅಚ್ಚಿನಲ್ಲಿ ಬಂದಿವೆಯಾದರೂ ಭಜನೆಯ ಮೇಳಗಳು ಅವನ್ನು ಏಕತಾರಿ, ದಮ್ಮಡಿಗಳೊಡನೆ ಇಂದಿಗೂ ಹಾಡುತ್ತವೆ. ಬಾಯಿಂದ ಬಾಯಿಗೆ ಬಂದ ಪದದಲ್ಲಿ ಊರಿಂದೂರಿಗೆ ಪಾಠ ಬದಲಾಗುವುದು ಸಹಜ. ಪ್ರೌಢಶಾಲೆಯ ಮಕ್ಕಳು ಅಮಾವಾಸ್ಯೆಯ ಭಜನೆಗೆ ಅಚ್ಚಿನ ಪುಸ್ತಕವನ್ನು ಕೊಂಡೊಯ್ದು, ತಮ್ಮ ಊರಿನ ಹಿರಿಯರು ಹಾಡುವ ಪಾಠಾಂತರವನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತಿಸಿಕೊಂಡು ಬರಲಿ. ಅಂತಹ ಪ್ರತಿಯೊಂದು ಶಾಲೆಯಲ್ಲಿದ್ದರೆ ವಿಶ್ವವಿದ್ಯಾಲಯದ ಸಂಶೋಧಕರೂ ಅದನ್ನು ಹುಡುಕಿಕೊಂಡು ಬಂದಾರು.