ಶಹಾಬಾದಿನ ಫರಸಿ

ವಾಡಿ ಜಂಕ್ಷನ್ನಿನಲ್ಲಿ ರೈಲಿಳಿದು ಶಹಾಬಾದಿನ ದಾರಿ ಹಿಡಿದವನಿಗೆ, ತೊಗರಿ ಹೊಲಗಳ ಎರೆಮಣ್ಣು ಹಿಂದುಳಿದಂತೆಲ್ಲ, ನೆಲವು ಹಾಳೆಹಾಳೆಯಾಗಿ ಬಿಚ್ಚಿಕೊಂಡಿರುವ ಫರಸಿಯ ಗಣಿಗಳು ಎದುರಾಗುತ್ತವೆ. ಪದರದ ಸಂದಿಗೆ ಹಾರೆಯ ಮೊನೆ ಸೇರಿಸಿ ಮೀಟಿದರೆ ಸಾಕು, ಇಡೀ ಹಾಸುಗಲ್ಲು ಮೇಲೇಳುತ್ತದೆ. ಇಂಥ ವಿಧೇಯ ಶಿಲೆ ಮತ್ತೊಂದಿಲ್ಲವೆಂದೇ ನನ್ನ ಮತ. ಆ ವಿಧೇಯತೆಯ ದೆಸೆಯಿಂದಲೇ ಅದು ಕಾಗಿಣಾ ತೀರದ ಮಳಖೇಡದಲ್ಲಿ ಕೋಟೆಯ ಗೋಡೆಯಾಗಿಯೂ, ನಾಡಿನ ಅಸಂಖ್ಯ ಮನೆಗಳಲ್ಲಿ ಅಡಿಗೆಮನೆಯ ನೆಲವಾಗಿಯೂ ಬಾಳುತ್ತಿದೆ.

ಫರಸಿಯೂ ಸುಣ್ಣಗಲ್ಲೇ. ಆದರೆ ಸುಣ್ಣಗಲ್ಲೆಂದರೆ ಶಂಖ, ಕಪ್ಪೆಚಿಪ್ಪುಗಳ ಅವಶೇಷವೆಂದು ಬಾಲ್ಯದಲ್ಲಿ ಕಂಠಪಾಠ ಮಾಡಿದವರು ಇಲ್ಲಿ ಚಿಪ್ಪನ್ನರಸಿದರೆ ಬರಿಗೈಯಲ್ಲಿ ಮರಳಬೇಕಾದೀತು. ಚಿಪ್ಪು ಕಟ್ಟುವ ಜೀವಿಗಳು ಜಗತ್ತಿನಲ್ಲಿ ತಲೆದೋರಿದ್ದು ಸುಮಾರು 55 ಕೋಟಿ ವರ್ಷಗಳ ಹಿಂದೆ. ಭೀಮಾ ಶಿಲಾಸಮುದಾಯಕ್ಕೆ ಸೇರಿದ ಈ ಕಲ್ಲು ಅದಕ್ಕೂ ಹಳೆಯದೆಂದು ಭೂವಿಜ್ಞಾನಿಗಳಲ್ಲಿ ಬಹುಮಂದಿಯ ಅಭಿಪ್ರಾಯ. ಹಾಗಾದರೆ ಕಟ್ಟಿದವರಾರು? ಗಾಳಿಯ ಇಂಗಾಲಾಮ್ಲ ವಾಯುವನ್ನು ಹೀರಿ ತುಸು ಹುಳಿಯಾದ ಮಳೆನೀರು ಪುರಾತನ ಬಂಡೆಗಳಿಂದ ಕರಗಿಸಿ ತಂದ ಕ್ಯಾಲ್ಸಿಯಮ್ಮನ್ನು ನದಿಗಳು ಆಳವಿಲ್ಲದ ಬೆಚ್ಚನೆಯ ಕಡಲಿಗೆ ಒಪ್ಪಿಸಲು, ಅಲ್ಲಿ ನೀರು ಆ ವಾಯುವನ್ನು ಬಿಟ್ಟುಕೊಟ್ಟಂತೆಲ್ಲ ಸುಣ್ಣವನ್ನು ತನ್ನಲ್ಲಿ ಹಿಡಿದಿಡುವ ಶಕ್ತಿಯನ್ನೂ ಕಳೆದುಕೊಂಡಿತು. ಬಿಸಿಲನ್ನುಂಡು ಬದುಕುವ ಲೋಳೆಯಂಥ ಸೂಕ್ಷ್ಮಜೀವಿಗಳು ಅದೇ ವಾಯುವನ್ನು ಕಸಿದುಕೊಂಡು ಈ ಕಾರ್ಯವನ್ನು ತ್ವರೆಗೊಳಿಸಿದವು. ಕಣ್ಣಿಗೆ ಕಾಣದ ಹರಳುಗಳ ಕೆಸರು ತಳಕ್ಕಿಳಿಯಿತು; ನಡುನಡುವೆ ಜೇಡಿಯ ತೆಳುಪೊರೆ ಹರಡಿತು; ಮೇಲಿನ ಭಾರಕ್ಕೆ ಎಲ್ಲವೂ ಬಿಗಿದು, ಅರಗೊನೈಟೆಂಬ ಅಸ್ಥಿರ ಸುಣ್ಣದ ಹರಳು ಕಾಲಕ್ರಮದಲ್ಲಿ ಕ್ಯಾಲ್ಸೈಟೆಂಬ ಸ್ಥಿರ ಹರಳಾಗಿ ಮಾರ್ಪಟ್ಟಿತು. ಇಂದು ಹಾರೆಗೆ ದಾರಿ ಬಿಡುತ್ತಿರುವುದು ಆ ಜೇಡಿಯ ಪೊರೆಯೇ.

ಉಪ್ಪಿನಕಾಯಿ ಹಾಕುವ ದಿನ ಫರಸಿಯ ಮೇಲೆ ಚೆಲ್ಲಿದ ನಿಂಬೆರಸವನ್ನು ಬಗ್ಗಿ ನೋಡಿದವರಿಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳೇಳುವುದು ಕಂಡೀತು. ಒರೆಸಿದ ಮೇಲೆ ಹೊಳಪಳಿದ ಬಿಳಿಯ ಕಲೆಯುಳಿದು, ಗೃಹಿಣಿಯ ಕೋಪಕ್ಕೆ ಕಾರಣವಾಗುತ್ತದೆ. ಹಾಗೆ ಪಾರಾಗುವುದು ಕಲ್ಲಿನಲ್ಲಿ ಬಂಧಿತವಾಗಿದ್ದ ಇಂಗಾಲಾಮ್ಲ ವಾಯು.

ಬಾಗಲಕೋಟೆ, ಲೋಕಾಪುರಗಳ ಕಡೆ ದೊರೆಯುವ ಡಾಲೊಮೈಟ್ ಮಾತ್ರ ನಿಂಬೆಹುಳಿಗೆ ಸುಲಭವಾಗಿ ಮಣಿಯದು. ಅದರಲ್ಲಿ ಕ್ಯಾಲ್ಸಿಯಮ್ಮಿನೊಡನೆ ಮೆಗ್ನೀಸಿಯಮ್ಮೂ ಸೇರಿದೆ. ಇಂದಿನ ಕಡಲಿನಲ್ಲಿ ಮೆಗ್ನೀಸಿಯಂ ಹೇರಳವಾಗಿದ್ದರೂ ಡಾಲೊಮೈಟ್ ಹುಟ್ಟುವುದು ಬಲು ವಿರಳ. ಪ್ರಾಚೀನ ಕಡಲುಗಳು ಅದನ್ನು ರಾಶಿ ರಾಶಿಯಾಗಿ ಹೇಗೆ ಕೂಡಿಟ್ಟವೆಂಬ ವಿಷಯದಲ್ಲಿ ವಿದ್ವಾಂಸರ ವ್ಯಾಜ್ಯ ಇನ್ನೂ ತೀರಿಲ್ಲ. ಕಲ್ಲು ಆ ತೀರ್ಪಿಗೆ ಕಾಯದೆ ಲಾರಿಯೇರಿ ಉಕ್ಕಿನ ಕುಲುಮೆಗೆ ಹೋಗುತ್ತಿದೆ.