ಆಶುಭಾಷಣವೂ ಐದು ರೂಪಾಯಿಯೂ

ವೇದಿಕೆಯ ಮೇಲೆ ನಿಂತವನಿಗೆ ತನ್ನ ಎರಡು ಕೈಗಳಷ್ಟು ಭಾರವಾದ ವಸ್ತು ಬೇರೊಂದಿಲ್ಲ. ಅವುಗಳಿಗೆ ಏನಾದರೂ ಕೆಲಸ ಕೊಡಬೇಕೆಂದು, ಕಳೆದ ವರ್ಷದ ಆಶುಭಾಷಣ ಸ್ಪರ್ಧೆಯಲ್ಲಿ ‘ಸಮಯ’ ಎಂಬ ಚೀಟಿ ಬಂದಾಗ, ಗೆಳೆಯನ ಕೈಗಡಿಯಾರವನ್ನು ಬೇಡಿ ಪಡೆದು ಮೊದಲಿನಿಂದ ಕೊನೆಯವರೆಗೂ ಎತ್ತಿ ಹಿಡಿದೇ ಮಾತನಾಡಿದೆ. ಸಭಿಕರು ಗಡಿಯಾರವನ್ನು ನೋಡುತ್ತ ನನ್ನ ಮಾತು ಯಾವಾಗ ಮುಗಿದೀತೆಂದು ಲೆಕ್ಕ ಹಾಕುತ್ತಿದ್ದರು!

ಈ ವರ್ಷ ಬಂದದ್ದು ‘ಕೆರೆ’. ಯೋಚಿಸಲು ಎರಡೇ ನಿಮಿಷ. ಜೇಬಿಗೆ ಕೈ ಹಾಕಿದೆ. ಐದು ರೂಪಾಯಿಯ ನಾಣ್ಯ ಸಿಕ್ಕಿತು. ಸಂಜೆ ಬರುವಾಗ ನೀರಿನ ಘಟಕದಲ್ಲಿ ಕ್ಯಾನು ತುಂಬಿಸಿಕೊಂಡು ಬಾ ಎಂದು ಬೆಳಿಗ್ಗೆ ಅಮ್ಮ ಕೊಟ್ಟದ್ದು. ನಾಣ್ಯ ಹಾಕಿದರೆ ಇಪ್ಪತ್ತು ಲೀಟರು.

ವೇದಿಕೆಗೆ ಹೋಗಿ ಅದನ್ನು ಎತ್ತಿ ತೋರಿಸಿದೆ. “ಕಾಣೋದಿಲ್ಲ ಕಣಪ್ಪಾ!” ಎಂದು ಹಿಂದಿನ ಬೆಂಚಿನಿಂದ ಕೂಗು ಬಂತು. ನಗು. ನಾಚಿಕೆಯಿಂದ ಕೈ ಸಡಿಲವಾಗಿ ನಾಣ್ಯ ಮೈಕಿನ ಪಕ್ಕದ ಮೇಜಿನ ಮೇಲೆ ಬಿತ್ತು. ಠಣ್! ಆ ಸದ್ದು ಸಭಾಂಗಣವನ್ನೆಲ್ಲ ತುಂಬಿತು. ನಗು ನಿಂತಿತು. ಮತ್ತೆ ನಾನು ಅದನ್ನು ಮುಟ್ಟಲಿಲ್ಲ.

1930ರ ಏಪ್ರಿಲ್ 6ರಂದು ದಂಡಿಯಲ್ಲಿ ಗಾಂಧೀಜಿ ಎತ್ತಿಕೊಂಡ ಹಿಡಿ ಉಪ್ಪಾದರೂ ದೂರದವರಿಗೆ ಎಷ್ಟು ಕಂಡೀತು? ಆದರೆ ಅದೇ ತಿಂಗಳು ನಮ್ಮ ಅಂಕೋಲೆಯಲ್ಲಿ ಜನ ಉಪ್ಪು ಮಾಡಿದರು. ಉಪ್ಪಿಲ್ಲದ ಅಡುಗೆಮನೆ ಯಾವುದು? ನನ್ನ ನಾಣ್ಯಕ್ಕೆ ಅಷ್ಟು ದೊಡ್ಡ ಹೋಲಿಕೆ ಸಲ್ಲದು, ಬಲ್ಲೆ. ಆದರೂ ಸಭೆಯಲ್ಲಿ ಹಲವರ ಕೈ ತಮ್ಮ ಜೇಬಿನ ಕಡೆಗೆ ಹೋದದ್ದನ್ನು ನಾನು ಕಂಡೆ.

ಅನಂತರವೇ ನನಗೆ ಧೈರ್ಯ ಬಂದದ್ದು. ಯಲಹಂಕದಾಚೆಯ ನಮ್ಮ ಹಳ್ಳಿಯಲ್ಲಿ ನನ್ನ ತಾತ ಕೆರೆಯ ನೀರುಗಂಟಿ. ತೂಬು ತೆರೆದು, ಯಾರ ಗದ್ದೆಗೆ ಎಷ್ಟು ನೀರೆಂದು ಹಂಚುತ್ತಿದ್ದವರು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಕೂಲಿಯ ಕಾಳು ಪಡೆಯುತ್ತಿದ್ದವರು. ನೀರುಗಂಟಿ ಎಂದರೆ ಯಾವ ಕೇರಿಯವರೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂರು ವರ್ಷಗಳಲ್ಲಿ ಒಮ್ಮೆಯೂ ಈ ಮಾತನ್ನು ನಾನು ಕಾಲೇಜಿನಲ್ಲಿ ಆಡಿರಲಿಲ್ಲ. ಅಂದು ಆಡಿದೆ. ಊರಿಗೆಲ್ಲ ನೀರು ಹಂಚಿದವರ ಮೊಮ್ಮಗ ಮೇಜಿನ ಮೇಲಿನ ಆ ನಾಣ್ಯಕ್ಕೆ ಕುಡಿಯುವ ನೀರು ಕೊಳ್ಳುತ್ತಾನೆ ಎಂದೆ. ಗಂಟೆ ಬಾರಿಸಿತು, ಇಳಿದು ಬಂದೆ.

ಎರಡನೆಯ ಬಹುಮಾನ ಬಂತು. ಮನೆಗೆ ಹೋಗಿ ಪುಸ್ತಕವನ್ನು ಅಮ್ಮನ ಕೈಗಿಟ್ಟೆ. ಓದು ಬಾರದ ಅವಳು ಅದನ್ನು ಸೆರಗಿನಿಂದ ಒರೆಸಿ, ತಾತನ ಪಟದ ಕೆಳಗಿಟ್ಟು, “ನೀರೆಲ್ಲೋ?” ಎಂದಳು.

ನಾಣ್ಯ ಇನ್ನೂ ವೇದಿಕೆಯ ಮೇಜಿನ ಮೇಲೆಯೇ ಇತ್ತು.