ಷರಾ ಕಾಲಂನಲ್ಲಿ ಏನು ಬರೆಯಲಿ?

ಒಲೆಗೆ ಇನ್ನೊಂದು ಕೊರಡು ಹಾಕಿ, ಹೇಳುತ್ತೇನೆ. ಇದು 2011ರ ಮಾತು, ನೀವೆಲ್ಲ ಆಗ ಚಿಕ್ಕವರು. ಆ ಅಕ್ಟೋಬರ್ 9ರಂದು ದಿಲ್ಲಿ ವಿಶ್ವವಿದ್ಯಾಲಯದ ಅಕಾಡೆಮಿಕ್ ಕೌನ್ಸಿಲ್ ಒಂದು ಪ್ರಬಂಧವನ್ನು ಬಿ.ಎ. ಇತಿಹಾಸದ ಪಠ್ಯದಿಂದ ಕಿತ್ತುಹಾಕಿತು. ಬರೆದವರು ನಮ್ಮ ಮೈಸೂರಿನವರೇ, ಎ.ಕೆ. ರಾಮಾನುಜನ್. ಮಹಾರಾಜಾ ಕಾಲೇಜಿನಲ್ಲಿ ಓದಿ, ಬೆಳಗಾವಿಯಲ್ಲಿ ಪಾಠ ಹೇಳಿ, ಆಮೇಲೆ ಶಿಕಾಗೋದಲ್ಲಿ ಪ್ರಾಧ್ಯಾಪಕರಾಗಿದ್ದವರು. 1993ರಲ್ಲೇ ತೀರಿಕೊಂಡಿದ್ದರು, ಉತ್ತರ ಕೊಡಲು ಅವರಿರಲಿಲ್ಲ.

ಪ್ರಬಂಧದ ವಿಷಯ ಇಷ್ಟೆ: ರಾಮನ ಕಥೆ ಒಂದೇ ಬಾಯಲ್ಲಿ ಹುಟ್ಟಿ ನಿಂತದ್ದಲ್ಲ, ಊರೂರಿಗೆ ಹೋಗಿ ಊರೂರಿನದಾಯಿತು. ವಾಲ್ಮೀಕಿ, ಕಂಬ, ಜೈನರು, ಥಾಯ್ ದೇಶದವರು, ಎಲ್ಲರ ಕಥೆಯೂ ಅದರಲ್ಲಿದೆ. ಜೊತೆಗೆ ನಮ್ಮ ತಂಬೂರಿ ದಾಸಯ್ಯ ಹಾಡಿದ್ದೊಂದಿದೆ. ಮಕ್ಕಳಿಲ್ಲದ ರಾವುಳನಿಗೆ, ಅಂದರೆ ರಾವಣನಿಗೆ, ಶಿವ ಮಾವಿನಹಣ್ಣು ಕೊಡುತ್ತಾನೆ. ಹಣ್ಣಿನ ತಿರುಳು ಹೆಂಡತಿಗೆ, ಓಟೆ ತನಗೆ ಎಂದು ಮಾತು. ರಾವುಳ ಮಾತಿಗೆ ತಪ್ಪಿ ತಿರುಳನ್ನು ತಾನೇ ತಿನ್ನುತ್ತಾನೆ, ತಾನೇ ಬಸುರಾಗುತ್ತಾನೆ, ಸೀನಿದಾಗ ಸೀತೆ ಹುಟ್ಟುತ್ತಾಳೆ. ಅದು ‘ಜನಪದ ರಾಮಾಯಣ’ ಎಂದು 1973ರಲ್ಲಿ ಮೈಸೂರಿನಲ್ಲೇ ಅಚ್ಚಾಗಿದೆ. ನಮಗೆ ಇದೇನು ಹೊಸದೇ? ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾಮಕಥೆ ಬರೆದವರ ಭಾರಕ್ಕೆ ಆದಿಶೇಷನೇ ಸುಸ್ತಾದ ಎಂದು ಕುಮಾರವ್ಯಾಸ ಎಂದೋ ನಗೆಯಾಡಿದ್ದಾನೆ.

ದಿಲ್ಲಿಯ ತಕರಾರು 2008ರಿಂದಲೇ ಇತ್ತು. ಆ ವರ್ಷ ವಿದ್ಯಾರ್ಥಿ ಸಂಘಟನೆಯೊಂದರವರು ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ಮಾಡಿದ್ದರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೊನೆಗೆ ನಾಲ್ವರು ತಜ್ಞರ ಕೈಗೆ ಪ್ರಬಂಧ ಬಂತು. ಓದಿದ ನಾಲ್ವರಲ್ಲಿ ಮೂವರು ಇದರಲ್ಲಿ ದೋಷವಿಲ್ಲ ಎಂದರು. ಆದರೂ ಕೌನ್ಸಿಲ್ ತೆಗೆದೇ ಹಾಕಿತು.

ನಾನಾಗ ಮೈಸೂರು ಸೀಮೆಯ ಒಂದು ಕಾಲೇಜಿನಲ್ಲಿದ್ದೆ. ಯಾವುದು ಅಂತ ಕೇಳಬೇಡಿ. ಪೇಪರಿನಲ್ಲಿ ಸುದ್ದಿ ಬಂದ ಕೆಲವೇ ದಿನಕ್ಕೆ ಊರಿನ ನಾಲ್ಕಾರು ಜನ ಪ್ರಿನ್ಸಿಪಾಲರ ಕೋಣೆಗೆ ಬಂದರು. ರಾಮಾನುಜನ್ನರ ಪ್ರಬಂಧ ಸಂಕಲನವೂ ಬೇಡ, ‘ಜನಪದ ರಾಮಾಯಣ’ವೂ ಬೇಡ, ಲೈಬ್ರರಿಯಿಂದ ತೆಗೆಸಿ ಅಂದರು. ಕೂಗಾಟವೇನಿಲ್ಲ, ಕಾಫಿ ಕುಡಿದುಕೊಂಡೇ ಹೇಳಿದರು. ಪ್ರಿನ್ಸಿಪಾಲರು ಕೆಟ್ಟವರಲ್ಲ, ರಿಟೈರ್‌ಮೆಂಟ್ ಹತ್ತಿರವಿತ್ತು, ಗಲಾಟೆ ಬೇಡವಾಗಿತ್ತು. ಲೈಬ್ರರಿ ಮೇಡಂಗೆ ಹೇಳಿಕಳಿಸಿದರು.

“ಮೇಡಂ, ಸದ್ಯಕ್ಕೆ ಆ ಎರಡನ್ನೂ ಬೀರುನಲ್ಲಿಟ್ಟು ಬೀಗ ಹಾಕಿಬಿಡಿ.”

ಆಯಮ್ಮ ಜಗಳಕ್ಕೆ ನಿಲ್ಲುವವರಲ್ಲ. ರಿಜಿಸ್ಟರ್ ತಂದು ಮೇಜಿನ ಮೇಲೆ ಬಿಚ್ಚಿದರು. “ಆಗಲಿ ಸಾರ್. ಪುಸ್ತಕ ಶೆಲ್ಫಿನಿಂದ ಹೋದರೆ ಷರಾ ಕಾಲಂನಲ್ಲಿ ಕಾರಣ ಬರೀಬೇಕು. ಗೆದ್ದಲು ಹಿಡಿದಿದ್ರೆ ಗೆದ್ದಲು ಅಂತೀನಿ, ಹರಿದಿದ್ರೆ ಹರಿದಿದೆ ಅಂತೀನಿ. ಇದಕ್ಕೇನು ಬರೀಲಿ? ನೀವೊಂದು ಆರ್ಡರ್ ಕೊಟ್ಬಿಡಿ, ಅದರ ನಂಬರ್ ಹಾಕ್ತೀನಿ.”

ಪ್ರಿನ್ಸಿಪಾಲರು ಪೆನ್ನು ತೆಗೆದರು, ಮತ್ತೆ ಜೇಬಿಗಿಟ್ಟರು. ಬಂದವರ ಕಡೆ ತಿರುಗಿ, “ನೀವೇ ಒಂದು ಅರ್ಜಿ ಬರೆದುಕೊಡಿ. ಯಾವ ಪುಟ, ಏನು ತಪ್ಪು ಅಂತ ಇರಲಿ” ಅಂದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುಟ ಯಾರಿಗೂ ಗೊತ್ತಿರಲಿಲ್ಲ.

ಅವರಲ್ಲೊಬ್ಬ ಹಿರಿಯರು ಮಾತ್ರ ಎದ್ದರು. “ತನ್ನಿ ಅದನ್ನ, ನೋಡೇಬಿಡ್ತೀನಿ” ಎಂದು ರೀಡಿಂಗ್ ರೂಮಿನಲ್ಲಿ ಕೂತು ‘ಜನಪದ ರಾಮಾಯಣ’ ಓದಿದರು. ಸಂಜೆ ಬೆಲ್ ಹೊಡೆಯುವ ಹೊತ್ತಿಗೆ ಪುಸ್ತಕ ಮಡಚಿ, “ನನಗಿದು ಹಿಡಿಸಲಿಲ್ಲ ಕಣಮ್ಮಾ. ನಾನು ತೊರವೆ ರಾಮಾಯಣ ಕೇಳಿ ಬೆಳೆದೋನು” ಅಂದರು. ಆದರೆ ತೆಗೆಸಿ ಅಂತ ಮತ್ತೆ ಹೇಳಲಿಲ್ಲ. ಅರ್ಜಿಯೂ ಬರಲಿಲ್ಲ, ಆರ್ಡರೂ ಆಗಲಿಲ್ಲ. ಎರಡೂ ಪುಸ್ತಕ ಶೆಲ್ಫಿನಲ್ಲೇ ಉಳಿದವು.

ಆ ಮನುಷ್ಯನ ಮೇಲೆ ನನಗೆ ಈಗಲೂ ಗೌರವವಿದೆ. ಓದಿದರು, ಒಪ್ಪಲಿಲ್ಲ, ಮನೆಗೆ ಹೋದರು. ಪುಸ್ತಕ ಹಿಡಿಸದವರು ಮಾಡಬೇಕಾದ್ದು ಅಷ್ಟೆ. ಏಳನೇ ಕ್ಲಾಸಿಗೆ ಯಾವುದು, ಬಿ.ಎ.ಗೆ ಯಾವುದು ಎಂದು ಆರಿಸುವುದು ಮೇಷ್ಟರ ಕೆಲಸ, ಅದರಲ್ಲಿ ತಪ್ಪಿಲ್ಲ. ಓದದವನು ಓದುವವನ ಕೈಯಿಂದ ಕಿತ್ತುಕೊಳ್ಳುವುದು ಬೇರೆ.

ಸರ್ಕಾರ ಗೆಜೆಟ್ಟಿನಲ್ಲಿ ನಿಷೇಧಿಸುವ ಪುಸ್ತಕಗಳ ಹೆಸರಾದರೂ ಪೇಪರಿನಲ್ಲಿ ಬರುತ್ತದೆ. ಕೋರ್ಟಿಗೆ ಹೋಗಲು ಕೈಯಲ್ಲೊಂದು ಕಾಗದ ಇರುತ್ತದೆ. ಬಾಯಿಮಾತಿನಲ್ಲಿ ಬೀರು ಸೇರಿದ ಪುಸ್ತಕಕ್ಕೆ ಅದೂ ಇಲ್ಲ. ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರಿಗೆ ಆದದ್ದನ್ನು ನೋಡಿ. ಅವರ ಕಾದಂಬರಿಗೆ ವಿರೋಧ ಎದ್ದಾಗ, 2015ರ ಜನವರಿಯಲ್ಲಿ ನಾಮಕ್ಕಲ್ಲಿನ ಅಧಿಕಾರಿಗಳು ಶಾಂತಿ ಸಭೆ ಎಂದು ಕರೆದು ಕ್ಷಮಾಪಣೆಗೆ ಸಹಿ ಹಾಕಿಸಿಕೊಂಡರು. ಆ ಒಪ್ಪಂದ ಕೈಗೆ ಸಿಕ್ಕ ಕಾಗದವಾಗಿತ್ತು, ಹಾಗಾಗಿ ಮದ್ರಾಸ್ ಹೈಕೋರ್ಟಿನ ಮುಂದೆ ಹೋಯಿತು. 2016ರ ಜುಲೈನಲ್ಲಿ ಕೋರ್ಟು, ಅದಕ್ಕೆ ಯಾರೂ ಬದ್ಧರಲ್ಲ, ಪುಸ್ತಕ ಇಷ್ಟವಾಗದವರು ಓದದೆ ಬಿಡಬಹುದು ಎಂದು ತೀರ್ಪು ಕೊಟ್ಟಿತು.

ನಿಮ್ಮಲ್ಲಿ ಒಬ್ಬರು ಮೇಷ್ಟರಾಗುತ್ತೀರಿ, ಇನ್ನೊಬ್ಬರು ಊರ ಲೈಬ್ರರಿ ಕಮಿಟಿಯಲ್ಲಿ ಕೂರುತ್ತೀರಿ. ಯಾರಾದರೂ ಬಂದು ಆ ಪುಸ್ತಕ ತೆಗೆಯಿರಿ ಅಂದರೆ ಕೂರಿಸಿ, ಕಾಫಿ ಕೊಡಿ, ಎರಡೇ ಪ್ರಶ್ನೆ ಕೇಳಿ. ಓದಿದ್ದೀರಾ? ಬರೆದು ಸಹಿ ಹಾಕಿ ಕೊಡುತ್ತೀರಾ? ಎರಡಕ್ಕೂ ಹೌದು ಎನ್ನುವವರ ಜೊತೆ ಕೂತು ವಾದ ಮಾಡಿ. ಉಳಿದವರಿಗಾಗಿ ಒಂದು ಪುಸ್ತಕವನ್ನೂ ಜಾಗದಿಂದ ಕದಲಿಸಬೇಡಿ.